ಲೀಟರಿಗೆ ಮೂರು ಸಾವಿರ ಕಿಲೋಮೀಟರ್: ಯಾವ ಲೀಟರು, ಯಾವ ಕಿಲೋಮೀಟರು?

ವಿದ್ಯಾರ್ಥಿಗಳು ಕಟ್ಟಿದ ಕಾರೊಂದು ಒಂದು ಲೀಟರ್ ಪೆಟ್ರೋಲಿನಲ್ಲಿ ಸಾವಿರ, ಎರಡು ಸಾವಿರ, ಮೂರು ಸಾವಿರ ಕಿಲೋಮೀಟರ್ ಓಡಿತೆಂಬ ಸುದ್ದಿ ಆಗಾಗ ಕಣ್ಣಿಗೆ ಬೀಳುತ್ತದೆ. ಜೊತೆಗೊಂದು ಚಿತ್ರವಿರುತ್ತದೆ: ನೆಲಕ್ಕೆ ಅಂಟಿಕೊಂಡಂತಿರುವ ಮೂರು ಚಕ್ರದ ನುಣುಪಾದ ವಾಹನ, ಅದರ ಸುತ್ತ ಎಣ್ಣೆ ಮೆತ್ತಿದ ಅಂಗಿಗಳಲ್ಲಿ ನಗುತ್ತ ನಿಂತ ಹುಡುಗ ಹುಡುಗಿಯರು. ಸುದ್ದಿ ಓದಿದವರು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. ಕಾಲೇಜಿನ ಮಕ್ಕಳು ಮಾಡಿ ತೋರಿಸಿದ್ದನ್ನು ಸಾವಿರಾರು ಕೋಟಿ ಸುರಿಯುವ ಕಂಪನಿಗಳು ಏಕೆ ಮಾಡುತ್ತಿಲ್ಲ? ಇದರ ಹಿಂದೆ ಯಾರದೋ ಸಂಚು ಇದೆಯೇ? ಇನ್ನು ಕೆಲವರು ಇದಕ್ಕೆ ಪೂರ್ತಿ ವಿರುದ್ಧವಾದ ತುದಿಗೆ ಹೋಗಿ, ಇದೆಲ್ಲ ಬುರುಡೆ ಎಂದು ತಳ್ಳಿಹಾಕುತ್ತಾರೆ. ಯಂತ್ರಶಾಸ್ತ್ರ ಓದಿರುವ ಕಾರಣಕ್ಕೆ ಎರಡೂ ಬಗೆಯ ಮಾತು ನನ್ನ ಬಳಿಗೆ ಬರುತ್ತಿರುವುದರಿಂದ, ಈ ಅಂಕಿಗಳನ್ನು ಎಷ್ಟು ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ತುಸು ವಿವರವಾಗಿ ಬರೆದಿಡಬೇಕೆನ್ನಿಸಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿಯಮಬದ್ಧ ಸ್ಪರ್ಧೆಗಳಲ್ಲಿ ದಾಖಲಾದ ಈ ಅಂಕಿಗಳು ಸುಳ್ಳಲ್ಲ. ಆದರೆ ನಾವು ನಮ್ಮ ಗಾಡಿಗಳ ಮೈಲೇಜನ್ನು ಲೆಕ್ಕ ಹಾಕುವ ಅರ್ಥದಲ್ಲಿ ಅವು ಮೈಲೇಜೂ ಅಲ್ಲ. ಅವು ಒಂದು ಆಟದ ಅಂಕಗಳು, ಆ ಆಟದ ನಿಯಮಗಳನ್ನು ಬಿಟ್ಟು ಅಂಕವನ್ನಷ್ಟೇ ಹೇಳಿದಾಗ ಓದುಗರು ದಾರಿ ತಪ್ಪುತ್ತಾರೆ. ಸ್ಪರ್ಧೆಯ ಹೊರಗೆ, ಯಾರ ಮೇಲ್ವಿಚಾರಣೆಯೂ ಇಲ್ಲದೆ ಕೇಳಿಬರುವ ಹೇಳಿಕೆಗಳ ವಿಷಯ ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದು ಸಾಧ್ಯವೇ ಎಂಬುದನ್ನು ನೋಡೋಣ. ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ ಕಟ್ಟಿದ ‘ಪ್ಯಾಕ್-ಕಾರ್ 2’ ಎಂಬ ವಾಹನ 2005ರಲ್ಲಿ ಫ್ರಾನ್ಸಿನ ಪರೀಕ್ಷಾ ಟ್ರ್ಯಾಕಿನಲ್ಲಿ ಒಂದು ಲೀಟರ್ ಪೆಟ್ರೋಲಿಗೆ ಸಮಾನವಾದ ಇಂಧನಕ್ಕೆ 5,385 ಕಿಲೋಮೀಟರ್ ಎಂಬ ದಾಖಲೆ ಬರೆಯಿತು. ಕಾರ್ಬನ್ ಫೈಬರಿನ ಆ ವಾಹನದ ತೂಕ ಸುಮಾರು 30 ಕಿಲೋ. ಒಳಗೆ ಮಲಗಿದಂತೆ ಕೂರುವ ಚಾಲಕರದು 50 ಕಿಲೋ ಎಂದಿಟ್ಟುಕೊಂಡರೆ ಒಟ್ಟು 80 ಕಿಲೋ. ಇಂಥ ಸ್ಪರ್ಧೆಗಳಿಗೆಂದೇ ತಯಾರಾಗುವ ಟೈರುಗಳ ಉರುಳು ಘರ್ಷಣೆಯ ಗುಣಾಂಕ (ವಾಹನದ ಭಾರದ ಎಷ್ಟು ಪಾಲು ತಡೆಯಾಗಿ ಬರುತ್ತದೆಂಬ ಅಳತೆ) 0.001ರ ಆಸುಪಾಸಿನಲ್ಲಿರುತ್ತದೆ, ನಮ್ಮ ನಿತ್ಯದ ಕಾರುಗಳ ಟೈರುಗಳದು ಅದರ ಹತ್ತು ಪಟ್ಟು. ಹಾಗಾಗಿ ಟೈರುಗಳು ಒಡ್ಡುವ ತಡೆ ಸುಮಾರು 0.8 ನ್ಯೂಟನ್. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಂಥ ನಯವಾದ, ಕಿರಿದಾದ ಆಕಾರಕ್ಕೆ ಗಾಳಿಯ ತಡೆಯೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಸೇರಿ 1.6 ನ್ಯೂಟನ್, ಅಂದರೆ 160 ಗ್ರಾಂ ತೂಕದ ವಸ್ತುವೊಂದನ್ನು ಅಂಗೈಯಲ್ಲಿ ಹಿಡಿದಾಗ ಅದು ಕೆಳಕ್ಕೆ ಒತ್ತುವಷ್ಟು ಬಲ. ಒಬ್ಬ ಮನುಷ್ಯನನ್ನು ಹೊತ್ತ ವಾಹನವನ್ನು ಮುಂದೆ ಸಾಗಿಸುತ್ತಿರಲು ಇಷ್ಟೇ ಸಾಕು.

ಇಷ್ಟು ಬಲದೊಡನೆ ಒಂದು ಕಿಲೋಮೀಟರ್ ಸಾಗಲು ಚಕ್ರಗಳಿಗೆ ಬೇಕಾದ ಶಕ್ತಿ 1.6 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 32 ಮೆಗಾಜೂಲ್. ಅದನ್ನು 5,385 ಕಿಲೋಮೀಟರುಗಳಿಗೆ ಹಂಚಿದರೆ ಪ್ರತಿ ಕಿಲೋಮೀಟರಿಗೆ ಸುಮಾರು 6 ಕಿಲೋಜೂಲ್ ಸಿಗುತ್ತದೆ. ಈ ವಾಹನದಲ್ಲಿದ್ದದ್ದು ಹೈಡ್ರೋಜನ್ನಿನಿಂದ ವಿದ್ಯುತ್ ತಯಾರಿಸುವ ಫ್ಯೂಯಲ್ ಸೆಲ್ ಎಂಬ ಸಾಧನ, ಅದು ತನಗೆ ಸಿಕ್ಕ ಶಕ್ತಿಯ ಅರ್ಧದಷ್ಟನ್ನು ವಿದ್ಯುತ್ತಾಗಿಸಬಲ್ಲದು. ತಿರುವುಗಳಲ್ಲಿ ಟೈರು ಜಾರುವಾಗಿನ ನಷ್ಟ, ಬೇರಿಂಗುಗಳ ಮತ್ತು ಮೋಟಾರಿನ ನಷ್ಟ, ಹೊರಡುವಾಗ ವೇಗ ಪಡೆಯಲು ತಗಲುವ ಶಕ್ತಿ ಎಲ್ಲವನ್ನೂ ಕಳೆದರೂ ಲೆಕ್ಕ ಕೂಡಿ ಬರುತ್ತದೆ. ಆದ್ದರಿಂದ ಈ ಅಂಕಿಯನ್ನು ಬುರುಡೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಭೌತವಿಜ್ಞಾನ ಇದಕ್ಕೆ ಅಡ್ಡ ಬರುವುದಿಲ್ಲ.

ಆದರೆ ಇದೇ ಲೆಕ್ಕವು ಇನ್ನೊಂದು ಪ್ರಶ್ನೆಗೂ ಉತ್ತರ ಕೊಡುತ್ತದೆ. ಒಂದು ಸಾವಿರ ಕಿಲೋ ತೂಗುವ ಸಾಮಾನ್ಯ ಕಾರಿಗೆ ಟೈರುಗಳ ತಡೆಯೊಂದೇ 100 ನ್ಯೂಟನ್ನಿನಷ್ಟಿರುತ್ತದೆ. ನಾಲ್ಕು ಮಂದಿ ನೆಟ್ಟಗೆ ಕೂರಬಲ್ಲ ಎತ್ತರ ಮತ್ತು ಅಗಲ ಅದಕ್ಕಿರುವುದರಿಂದ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಳಿಯ ತಡೆ ಸುಮಾರು 190 ನ್ಯೂಟನ್. ಒಟ್ಟು 290, ಸ್ಪರ್ಧೆಯ ವಾಹನಕ್ಕೆ ಬೇಕಾದ ಬಲದ 180 ಪಟ್ಟು. ಇವೆರಡರ ನಡುವಣ ಅಗಾಧ ಅಂತರಕ್ಕೆ ಮುಖ್ಯ ಕಾರಣ ಎಂಜಿನ್ನಿನಲ್ಲಿ ಅಡಗಿರುವ ಗುಟ್ಟಲ್ಲ. ಏನನ್ನು, ಎಷ್ಟು ಜನರನ್ನು, ಎಷ್ಟು ವೇಗದಲ್ಲಿ ಸಾಗಿಸುತ್ತಿದ್ದೇವೆ ಎಂಬುದೇ. ಕಂಪನಿಗಳು ಏಕೆ ಮಾಡುತ್ತಿಲ್ಲ ಎಂದು ಕೇಳುವವರು ತಾವು ಕೊಳ್ಳಬಯಸುವ ಕಾರಿನಲ್ಲಿ ಮಲಗಿಕೊಂಡು, ಒಬ್ಬರೇ, ಸಾಮಾನಿಲ್ಲದೆ, ಹವಾನಿಯಂತ್ರಣವಿಲ್ಲದೆ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗಲು ಸಿದ್ಧರಿದ್ದಾರೆಯೇ ಎಂಬುದನ್ನು ಮೊದಲು ಯೋಚಿಸಬೇಕಾಗುತ್ತದೆ.

ಈ ಸ್ಪರ್ಧೆಗಳ ಇತಿಹಾಸವೇ ಇದನ್ನು ಹೇಳುತ್ತದೆ. 1939ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ವುಡ್ ರಿವರ್‌ನಲ್ಲಿ, ಶೆಲ್ ಕಂಪನಿಯ ಸಂಶೋಧನಾಲಯದ ವಿಜ್ಞಾನಿಗಳು ಯಾರ ಕಾರು ಹೆಚ್ಚು ದೂರ ಓಡೀತೆಂದು ತಮ್ಮತಮ್ಮಲ್ಲೇ ಪಂದ್ಯ ಕಟ್ಟಿದರು. ಆಗ ಗೆದ್ದವರ ಅಂಕ ಗ್ಯಾಲನ್ನಿಗೆ 50 ಮೈಲಿ, ಅಂದರೆ ಲೀಟರಿಗೆ 21 ಕಿಲೋಮೀಟರ್. ಅದು ರಸ್ತೆಯ ಮೇಲೆ ಓಡುವ ನಿಜವಾದ ಕಾರಿನ ಸಂಖ್ಯೆ. 1985ರಲ್ಲಿ ಫ್ರಾನ್ಸಿನಲ್ಲಿ ಇದು ಶೆಲ್ ಇಕೋ-ಮ್ಯಾರಥಾನ್ ಎಂಬ ಹೆಸರಿನ ಸ್ಪರ್ಧೆಯಾಗಿ ಹೊಸ ರೂಪ ಪಡೆದಾಗ ಗೆದ್ದ ತಂಡದ ಅಂಕ ಲೀಟರಿಗೆ 680 ಕಿಲೋಮೀಟರ್. ಎಂಜಿನ್ನಿನ ದಕ್ಷತೆಯಲ್ಲಿ ಅಷ್ಟು ದೊಡ್ಡ ಜಿಗಿತ ಆಗಿರಲಿಲ್ಲ. ಕಾರು ಕಾರಾಗಿಯೇ ಇರಬೇಕೆಂಬ ಷರತ್ತು ಬಿದ್ದುಹೋಗಿತ್ತು.

ಓಡಿಸುವ ರೀತಿಯನ್ನೂ ಹತ್ತಿರದಿಂದ ನೋಡಬೇಕು. ಪೆಟ್ರೋಲ್ ಎಂಜಿನ್ನಿನ ವಾಹನದಲ್ಲಿ ಚಾಲಕರು ಎಂಜಿನ್ನನ್ನು ಹೊತ್ತಿಸಿ, ಕೆಲವೇ ಸೆಕೆಂಡುಗಳಲ್ಲಿ ವೇಗವನ್ನು ಗಂಟೆಗೆ 30–35 ಕಿಲೋಮೀಟರಿಗೆ ಏರಿಸಿ, ತಕ್ಷಣ ಎಂಜಿನ್ನನ್ನು ಪೂರ್ತಿ ಆರಿಸಿಬಿಡುತ್ತಾರೆ. ಆಮೇಲೆ ವಾಹನ ಸದ್ದಿಲ್ಲದೆ ತೇಲುತ್ತ ಹೋಗುತ್ತದೆ. ವೇಗ 15–20ಕ್ಕೆ ಇಳಿಯುವವರೆಗೆ ಬ್ರೇಕ್ ಮುಟ್ಟದೆ, ತಿರುವುಗಳಲ್ಲಿ ಆದಷ್ಟು ದೊಡ್ಡ ವರ್ತುಲ ಹಿಡಿದು ಸಾಗಿ, ಮತ್ತೊಮ್ಮೆ ಎಂಜಿನ್ ಹೊತ್ತಿಸುತ್ತಾರೆ. ಎಂಜಿನ್ ತನ್ನ ಅತ್ಯುತ್ತಮ ದಕ್ಷತೆಯ ಬಿಂದುವಿನಲ್ಲಿ ಮಾತ್ರ ಕೆಲಸ ಮಾಡಬೇಕು, ಸುಮ್ಮನೆ ತಿರುಗುತ್ತ ಒಂದು ಹನಿಯನ್ನೂ ಸುಡಬಾರದು ಎಂಬುದು ಇದರ ಉದ್ದೇಶ. ಅತ್ಯಂತ ಬುದ್ಧಿವಂತಿಕೆಯ ಕ್ರಮ ಇದು, ಚಾಲಕರಿಂದ ಬಹಳ ಸಂಯಮವನ್ನೂ ಬೇಡುತ್ತದೆ. ಆದರೆ ಹಿಂದೆ ಮುಂದೆ ಬೇರೆ ವಾಹನಗಳಿರುವ ರಸ್ತೆಯಲ್ಲಿ ಹೀಗೆ ಓಡಿಸಿದರೆ ಅಪಘಾತ ತಪ್ಪಿದ್ದಲ್ಲ.

ಇನ್ನು ಅಳತೆಯ ವಿಷಯ. ಇಲ್ಲಿ ನಿಧಾನವಾಗಿ ನಿಂತು ನೋಡಬೇಕೆಂದು ನನಗನ್ನಿಸುತ್ತದೆ, ಏಕೆಂದರೆ ಲೀಟರಿಗೆ ಇಷ್ಟು ಎಂಬ ಮಾತಿನಲ್ಲಿರುವ ಆ ಲೀಟರನ್ನು ಯಾವ ತಂಡವೂ ಉರಿಸಿರುವುದಿಲ್ಲ. ಸ್ಪರ್ಧೆಯ ಓಟದ ಉದ್ದ ಬಹುತೇಕ 15ರಿಂದ 25 ಕಿಲೋಮೀಟರ್. ಲೀಟರಿಗೆ 3,000 ಕಿಲೋಮೀಟರ್ ಎಂದು ದಾಖಲಿಸಿದ ವಾಹನ 16 ಕಿಲೋಮೀಟರ್ ಓಡಿದ್ದರೆ ಅದು ಬಳಸಿದ ಪೆಟ್ರೋಲ್ 5.3 ಮಿಲಿಲೀಟರ್. ಒಂದು ಚಹಾ ಚಮಚದಷ್ಟು. ಉಳಿದದ್ದೆಲ್ಲ ಗುಣಾಕಾರ.

ಈ ಕಾರಣಕ್ಕಾಗಿಯೇ ಸ್ಪರ್ಧೆಗಳಲ್ಲಿ 30, 100 ಅಥವಾ 250 ಮಿಲಿಲೀಟರಿನ ಪುಟ್ಟ ಗಾಜಿನ ಟ್ಯಾಂಕುಗಳನ್ನು ಬಳಸುತ್ತಾರೆ. ಓಟಕ್ಕೆ ಮೊದಲು ಟ್ಯಾಂಕನ್ನು ಕುತ್ತಿಗೆಯ ಗುರುತಿನವರೆಗೆ ತುಂಬಿ, ಓಟದ ನಂತರ ಅದೇ ಗುರುತು ಮುಟ್ಟಲು ಎಷ್ಟು ಸುರಿಯಬೇಕಾಯಿತೆಂದು ಅಳೆಯುತ್ತಾರೆ. ಪೆಟ್ರೋಲಿನ ಒಂದು ಹನಿಯನ್ನು ಸ್ಥೂಲವಾಗಿ 0.05 ಮಿಲಿಲೀಟರ್ ಎಂದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಒಂದು ಹನಿ ಹೆಚ್ಚುಕಡಿಮೆಯಾದರೆ ಫಲಿತಾಂಶ ಸುಮಾರು ಶೇ 1ರಷ್ಟು, ಅಂದರೆ 30 ಕಿಲೋಮೀಟರ್ ಬದಲಾಗುತ್ತದೆ. ಉಷ್ಣತೆ ಇನ್ನೂ ತೊಂದರೆಯದು. ಪೆಟ್ರೋಲ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಸಾವಿರದಲ್ಲಿ ಒಂದು ಭಾಗ ಹಿಗ್ಗುತ್ತದೆ. 30 ಮಿಲಿಲೀಟರಿನ ಟ್ಯಾಂಕು ಬಿಸಿಲಿನಲ್ಲಿ ಓಡಿ ಬರುವಷ್ಟರಲ್ಲಿ 5 ಡಿಗ್ರಿ ಬಿಸಿಯಾಗಿದ್ದರೆ ಒಳಗಿನ ಪೆಟ್ರೋಲ್ 0.15 ಮಿಲಿಲೀಟರಿನಷ್ಟು ಉಬ್ಬಿ, ಬಳಸಿದ್ದಕ್ಕಿಂತ ಕಡಿಮೆ ಬಳಸಿದಂತೆ ತೋರಿಸುತ್ತದೆ. ಶೇ 3ರ ಹತ್ತಿರದ ವ್ಯತ್ಯಾಸ ಬರೀ ಬಿಸಿಲಿನಿಂದ! ಇಂಧನದ ಕೊಳವೆಯಲ್ಲಿ ಸಿಕ್ಕಿಕೊಂಡ ಒಂದು ಗಾಳಿಗುಳ್ಳೆ ಓಟದ ನಡುವೆ ಹೊರಬಿದ್ದರೂ ಇಂಥದೇ ಏರುಪೇರು. ಒಳ್ಳೆಯ ಸ್ಪರ್ಧೆಗಳ ತೀರ್ಪುಗಾರರು ಇವೆಲ್ಲವನ್ನೂ ಬಲ್ಲರು. ಉಷ್ಣತೆಯನ್ನು ಅಳೆದು ತಿದ್ದುಪಡಿ ಮಾಡುತ್ತಾರೆ, ಎಲ್ಲ ತಂಡಗಳಿಗೂ ಒಂದೇ ವಿಧಾನ ಅನ್ವಯಿಸುತ್ತಾರೆ. ಅದಕ್ಕೇ ಆ ಅಂಕಿಗಳು ತಂಡತಂಡಗಳ ಹೋಲಿಕೆಗೆ ಯೋಗ್ಯವಾಗಿರುತ್ತವೆ. ಆದರೆ ನಾಲ್ಕು ಅಂಕಿಗಳ ಸಂಖ್ಯೆಯ ಕೊನೆಯ ಎರಡು ಅಂಕಿಗಳಿಗೆ ನಾನು ಯಾವ ಬೆಲೆಯನ್ನೂ ಕೊಡುವುದಿಲ್ಲ.

‘ಸಮಾನ’ ಎಂಬ ಲೆಕ್ಕಾಚಾರ ಇನ್ನೊಂದು ಮುಸುಕು. ಪ್ಯಾಕ್-ಕಾರ್ 2 ಒಂದು ಹನಿ ಪೆಟ್ರೋಲನ್ನೂ ಸುಡಲಿಲ್ಲ. ಅದು 20 ಕಿಲೋಮೀಟರ್ ಚಿಲ್ಲರೆ ಓಟಕ್ಕೆ ಬಳಸಿದ್ದು ಸುಮಾರು ಒಂದು ಗ್ರಾಂ ಹೈಡ್ರೋಜನ್. ಆ ಹೈಡ್ರೋಜನ್ನಿನ ಶಕ್ತಿಯನ್ನು ಪೆಟ್ರೋಲಿನ ಶಕ್ತಿಗೆ ಹೋಲಿಸಿ ಲೀಟರಿನಲ್ಲಿ ಹೇಳಲಾಯಿತು. 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬರೆದ, ಗ್ಯಾಲನ್ನಿಗೆ 14,573 ಮೈಲಿ ಎಂಬ ದಾಖಲೆಯೂ ಹೈಡ್ರೋಜನ್ನಿನದೇ. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 6,200 ಕಿಲೋಮೀಟರ್. ಬ್ಯಾಟರಿಯ ವಾಹನಗಳಿಗೆ ಒಂದು ಲೀಟರ್ ಪೆಟ್ರೋಲನ್ನು ಸುಮಾರು 8.9 ಕಿಲೋವಾಟ್-ಗಂಟೆ ವಿದ್ಯುತ್ತಿಗೆ ಸಮವೆಂದು ಹಿಡಿಯುತ್ತಾರೆ. ಪರಿವರ್ತನೆಯಲ್ಲಿ ತಪ್ಪಿಲ್ಲ. ಆದರೆ ಕಲ್ಲಿದ್ದಲಿನ ಸ್ಥಾವರದಲ್ಲಿ ಅಷ್ಟು ವಿದ್ಯುತ್ತನ್ನು ಪಡೆಯಲು ಅದರ ಮೂರು ಪಟ್ಟಿನ ಆಸುಪಾಸು ಶಾಖ ಖರ್ಚಾಗಿರುತ್ತದೆ. ಹೈಡ್ರೋಜನ್ನನ್ನು ನೈಸರ್ಗಿಕ ಅನಿಲದಿಂದ ಬೇರ್ಪಡಿಸುವಾಗಲೂ ನಷ್ಟವಿದೆ. ಪೆಟ್ರೋಲ್ ಎಂಜಿನ್ ತನ್ನ ಶಾಖದ ನಷ್ಟವನ್ನು ವಾಹನದೊಳಗೇ ಅನುಭವಿಸಿದರೆ, ಬ್ಯಾಟರಿಯ ವಾಹನದ ನಷ್ಟ ದೂರದ ಸ್ಥಾವರದಲ್ಲಿ ನಡೆದು ಹೋಗಿರುತ್ತದೆ. ಈ ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸುವ ವರದಿಗಳು ಓದುಗರಿಗೆ ಅನ್ಯಾಯ ಮಾಡುತ್ತವೆ.

ಲೀಟರಿಗೆ ಇಷ್ಟು ಕಿಲೋಮೀಟರ್ ಎಂಬ ಮಾಪನದಲ್ಲೇ ಒಂದು ಭ್ರಮೆ ಇದೆ. ಡ್ಯೂಕ್ ವಿಶ್ವವಿದ್ಯಾಲಯದವರೇ ಆದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸೋಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ತೋರಿಸಿಕೊಟ್ಟರು: ಜನರು ಈ ಸಂಖ್ಯೆ ಏರಿದಷ್ಟೂ ಉಳಿತಾಯವೂ ಅದೇ ಪ್ರಮಾಣದಲ್ಲಿ ಏರುತ್ತದೆಂದು ಭಾವಿಸುತ್ತಾರೆ, ಆದರೆ ವಾಸ್ತವ ಹಾಗಿಲ್ಲ. ಲೀಟರಿಗೆ 10 ಕಿಲೋಮೀಟರ್ ಕೊಡುವ ಗಾಡಿಯನ್ನು 20ಕ್ಕೆ ತಂದರೆ ನೂರು ಕಿಲೋಮೀಟರಿಗೆ 5 ಲೀಟರ್ ಉಳಿಯುತ್ತದೆ. 1,000 ಕೊಡುವುದನ್ನು 2,000ಕ್ಕೆ ತಂದರೆ ಅದೇ ನೂರು ಕಿಲೋಮೀಟರಿಗೆ ಉಳಿಯುವುದು 50 ಮಿಲಿಲೀಟರ್. ಸುದ್ದಿಯ ತಲೆಬರಹಕ್ಕೆ ಎರಡನೆಯದು ಬರುತ್ತದೆ; ತೈಲದ ಬಳಕೆ ತಗ್ಗುವುದು ಮೊದಲನೆಯದರಿಂದ.

ಹಾಗಾದರೆ ನಿಜವಾದ ಕಾರಿನ ಷರತ್ತುಗಳನ್ನು ಹಾಕಿದರೆ ಏನಾಗುತ್ತದೆ? ಇದಕ್ಕೆ ಊಹೆ ಬೇಕಿಲ್ಲ, 2010ರಲ್ಲಿ ಮುಗಿದ ಆಟೋಮೋಟಿವ್ ಎಕ್ಸ್ ಪ್ರೈಜ್ ಸ್ಪರ್ಧೆ ಉತ್ತರ ಕೊಟ್ಟಿದೆ. ಒಟ್ಟು 1 ಕೋಟಿ ಡಾಲರ್ ಬಹುಮಾನದ ಆ ಸ್ಪರ್ಧೆಯ ಮುಖ್ಯ ವಿಭಾಗದಲ್ಲಿ ನಾಲ್ಕು ಆಸನ, ನಾಲ್ಕು ಚಕ್ರ, 200 ಮೈಲಿಗಳಷ್ಟು ಓಡುವ ಸಾಮರ್ಥ್ಯ, ಹೊಗೆಯ ಮಿತಿ ಇವೆಲ್ಲ ಕಡ್ಡಾಯವಾಗಿದ್ದವು. ಗುರಿ ಗ್ಯಾಲನ್ನಿಗೆ 100 ಮೈಲಿಗೆ ಸಮಾನವಾದ ದಕ್ಷತೆ. ಗೆದ್ದ ಎಡಿಸನ್2 ತಂಡದ ಹಗುರವಾದ ಕಾರಿನ ಅಂಕ 102.5 ಮೈಲಿ, ಅಂದರೆ ಲೀಟರಿಗೆ ಸುಮಾರು 43.5 ಕಿಲೋಮೀಟರ್. ಹತ್ತಾರು ನುರಿತ ತಂಡಗಳು ವರ್ಷಗಟ್ಟಲೆ ದುಡಿದ ಮೇಲೆ ಬಂದ ಸಂಖ್ಯೆ ಇದು. ವೆಸ್ಟ್ ಫಿಲಡೆಲ್ಫಿಯಾದ ಹೈಸ್ಕೂಲು ವಿದ್ಯಾರ್ಥಿಗಳ ತಂಡವೊಂದು ಇದೇ ಸ್ಪರ್ಧೆಯಲ್ಲಿ ಕಂಪನಿಗಳೊಡನೆ ಸೆಣಸಿತ್ತು. ಅವರು ಅಂತಿಮ ಹಂತ ತಲುಪಲಿಲ್ಲ, ಆದರೂ ಮೂರು ಸಾವಿರದ ಎಷ್ಟೋ ಸುದ್ದಿಗಳಿಗಿಂತ ಆ ಮಕ್ಕಳ ಪ್ರಯತ್ನವೇ ನನಗೆ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಅವರು ರಸ್ತೆಗಿಳಿಯುವ ಕಾರಿನ ಕಷ್ಟಗಳನ್ನೆಲ್ಲ ಹೊತ್ತುಕೊಂಡು ಕಣಕ್ಕಿಳಿದಿದ್ದರು.

ಕಂಪನಿಗಳ ಹೇಳಿಕೆಗಳನ್ನೂ ನಾನು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಫೋಕ್ಸ್‌ವ್ಯಾಗನ್ ಡೀಸೆಲ್ ಮತ್ತು ಬ್ಯಾಟರಿ ಎರಡರಿಂದಲೂ ಓಡುವ ತನ್ನ ಎಕ್ಸ್ಎಲ್1 ಕಾರಿಗೆ ಘೋಷಿಸಿದ, ನೂರು ಕಿಲೋಮೀಟರಿಗೆ 0.9 ಲೀಟರ್ ಎಂಬ ಸಂಖ್ಯೆಯಲ್ಲಿ ಮೊದಲೇ ಚಾರ್ಜ್ ಮಾಡಿಟ್ಟ ಬ್ಯಾಟರಿಯ ವಿದ್ಯುತ್ತು ಡೀಸೆಲಿನ ಲೆಕ್ಕಕ್ಕೆ ಸೇರಿರಲಿಲ್ಲ. ವಾಹನವನ್ನು ತಾನಾಗಿ ಉರುಳಲು ಬಿಟ್ಟು ತಡೆಯನ್ನು ಅಳೆಯುವ ಪರೀಕ್ಷೆಯಲ್ಲಿನ ದೋಷಗಳಿಂದಾಗಿ 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಅಮೆರಿಕದಲ್ಲಿ ತಮ್ಮ ಹಲವು ಮಾದರಿಗಳ ಮೈಲೇಜನ್ನು ತಗ್ಗಿಸಿ ಘೋಷಿಸಬೇಕಾಯಿತು. ದೊಡ್ಡ ಪ್ರಯೋಗಾಲಯಗಳಿರುವವರ ಅಳತೆಯೇ ಹೀಗೆ ಜಾರಬಲ್ಲದಾದರೆ, ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿದ ಅಳತೆಯನ್ನು ಪರಿಶೀಲಿಸಬೇಕೆನ್ನುವುದು ಮಕ್ಕಳಿಗೆ ಅವಮಾನವಾಗುವುದಿಲ್ಲ.

ಈಗ ಸ್ಪರ್ಧೆಯ ಹೊರಗಿನ ಹೇಳಿಕೆಗಳಿಗೆ ಬರುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಬೈಕಿನ ಎಂಜಿನ್ ಕೂರಿಸಿ ಕಟ್ಟಿದ ಕಾರೊಂದು ಲೀಟರಿಗೆ 200 ಕಿಲೋಮೀಟರ್ ಕೊಡುತ್ತದೆಂದು ಯಾರಾದರೂ ಹೇಳಿದರೆ, ಆ ಕಾರನ್ನು ನೋಡದೆಯೂ ಒಂದು ಲೆಕ್ಕ ಹಾಕಬಹುದು. ಚಾಲಕರೂ ಸೇರಿ 400 ಕಿಲೋ ತೂಕ, ಸಾಮಾನ್ಯ ಟೈರು, ಸಾಮಾನ್ಯ ಆಕಾರ, ಗಂಟೆಗೆ 40 ಕಿಲೋಮೀಟರಿನ ಒಂದೇ ವೇಗ ಎಂದಿಟ್ಟುಕೊಳ್ಳಿ. ಟೈರಿನ ತಡೆ ಸುಮಾರು 39 ನ್ಯೂಟನ್, ಗಾಳಿಯ ತಡೆ ಸುಮಾರು 44. ಒಟ್ಟು 83, ಹಾಗಾಗಿ ಪ್ರತಿ ಕಿಲೋಮೀಟರಿಗೆ ಚಕ್ರಗಳಲ್ಲಿ 83 ಕಿಲೋಜೂಲ್ ಬೇಕು. ಲೀಟರಿಗೆ 200 ಕಿಲೋಮೀಟರ್ ಓಡಬೇಕಾದರೆ ಪ್ರತಿ ಕಿಲೋಮೀಟರಿಗೆ ಸಿಗುವ ಪೆಟ್ರೋಲಿನ ಶಕ್ತಿ 160 ಕಿಲೋಜೂಲ್ ಮಾತ್ರ. ಅಂದರೆ ಎಂಜಿನ್ನೂ ಗೇರು ಚೈನುಗಳೂ ಸೇರಿ ಶೇ 50ಕ್ಕಿಂತ ಹೆಚ್ಚು ದಕ್ಷವಾಗಿರಬೇಕು. ಮಾರುಕಟ್ಟೆಯಲ್ಲಿರುವ ಅತ್ಯುತ್ತಮ ಪೆಟ್ರೋಲ್ ಕಾರುಗಳ ಎಂಜಿನ್ನುಗಳೇ ತಮ್ಮ ಅತ್ಯುತ್ತಮ ಬಿಂದುವಿನಲ್ಲಿ ಶೇ 40ನ್ನು ದಾಟಿದ್ದರೂ ಶೇ 50ನ್ನು ಮುಟ್ಟಿಲ್ಲ. ಚಿಕ್ಕ ಬೈಕಿನ ಎಂಜಿನ್ ಶೇ 25 ಕೊಟ್ಟರೆ ಅದೇ ಸಂತೋಷ. ಆ ಲೆಕ್ಕದಲ್ಲಿ ಈ ಕಾರು ಎಲ್ಲೂ ನಿಲ್ಲದೆ, ಏರು ಹತ್ತದೆ ಓಡಿದರೂ ಲೀಟರಿಗೆ 96 ಕಿಲೋಮೀಟರ್ ದಾಟುವುದಿಲ್ಲ. ಹೇಳಿಕೆಯಲ್ಲಿ ಎಲ್ಲೋ ತಪ್ಪಿದೆ: ರಸ್ತೆ ಇಳಿಜಾರಾಗಿತ್ತೇನೋ, ಟ್ಯಾಂಕಿನ ಅಳತೆ ಕಣ್ಣಂದಾಜಿನದಾಗಿತ್ತೇನೋ, ಓಡಿಸಿದ ದೂರ ತೀರ ಕಡಿಮೆಯಿತ್ತೇನೋ. ಬೇಕೆಂದೇ ಸುಳ್ಳು ಹೇಳುವವರು ಅಪರೂಪವೆಂದೇ ನನ್ನ ನಂಬಿಕೆ. ಒಂದು ಸಲ ಬಂದ ಒಳ್ಳೆಯ ಸಂಖ್ಯೆಯನ್ನು ಇನ್ನೊಮ್ಮೆ ಪರೀಕ್ಷಿಸಲು ಮನಸ್ಸಾಗದಿರುವುದೇ ಹೆಚ್ಚಿನ ಕಾರಣ, ಮಾರ್ಗದರ್ಶಕರು ತಡೆಯಬೇಕಾದದ್ದು ಅಲ್ಲಿ.

ನೀರಿನಿಂದ ಓಡುವ ಕಾರು, ನೀರನ್ನು ಒಡೆದು ಬಂದ ಅನಿಲದಿಂದ ಮೈಲೇಜ್ ಇಮ್ಮಡಿಯಾದ ಕಾರು ಎಂಬ ಪ್ರಾಜೆಕ್ಟುಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ನೀರನ್ನು ಒಡೆಯಲು ತಗಲುವ ಶಕ್ತಿ, ಆ ಅನಿಲ ಮತ್ತೆ ಉರಿದಾಗ ಬರುವ ಶಕ್ತಿಗಿಂತ ಯಾವಾಗಲೂ ಹೆಚ್ಚು.

ಇಂಥ ತಂಡಗಳನ್ನು ಭೇಟಿಯಾಗುವವರಿಗೆ, ವರದಿ ಮಾಡುವ ಪತ್ರಕರ್ತರಿಗೂ, ನನ್ನ ಒಂದು ಕೋರಿಕೆಯಿದೆ. ಲೀಟರಿಗೆ ಎಷ್ಟು ಎಂದು ಕೇಳುವ ಮೊದಲು ತೂಕವೆಷ್ಟು, ಸರಾಸರಿ ವೇಗವೆಷ್ಟು, ಎಷ್ಟು ದೂರ ಓಡಿಸಿದಿರಿ, ಎಷ್ಟು ಮಿಲಿಲೀಟರ್ ಬಳಕೆಯಾಯಿತು, ಸ್ಟಾರ್ಟರಿನ ಬ್ಯಾಟರಿಯ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದಿರಾ, ಅಳೆದವರು ಯಾರು ಎಂದು ಕೇಳಿ. ಒಳ್ಳೆಯ ತಂಡದ ಮಕ್ಕಳು ಇವಕ್ಕೆ ಉತ್ತರ ಕೊಡಲು ಹಾತೊರೆಯುತ್ತಿರುತ್ತಾರೆ. ಬೇರಿಂಗಿನ ಗ್ರೀಸನ್ನು ತೊಳೆದು ತೆಳ್ಳನೆಯ ಎಣ್ಣೆ ಹಾಕಿದ್ದು, ಚಕ್ರಗಳ ಜೋಡಣೆಯಲ್ಲಿ ಕೂದಲೆಳೆಯಷ್ಟು ಓರೆಯನ್ನು ಹುಡುಕಿ ಸರಿಪಡಿಸಿದ್ದು, ಎಂಜಿನ್ನಿಗೆ ಯಾವಾಗ ಎಷ್ಟು ಇಂಧನ ಚಿಮ್ಮಬೇಕೆಂದು ಹೇಳುವ ಇಂಜೆಕ್ಟರಿನ ನಕ್ಷೆಯನ್ನು ರಾತ್ರಿಯಿಡೀ ತಿದ್ದಿದ್ದು ಇವೆಲ್ಲ ಅವರ ನಿಜವಾದ ಕೆಲಸ, ಮೂರು ಸಾವಿರ ಎಂಬ ಒಂದು ಸಂಖ್ಯೆಯಲ್ಲಿ ಅದು ಕಾಣುವುದೇ ಇಲ್ಲ.

ಸಾಧ್ಯವಾದರೆ ಒಂದು ಪರೀಕ್ಷೆಯನ್ನು ಕಣ್ಣೆದುರಿಗೆ ಮಾಡಿ ತೋರಿಸಲು ಹೇಳಿ. ಅದಕ್ಕೆ ಪೆಟ್ರೋಲನ್ನು ಅಳೆಯುವ ಗೊಡವೆಯೇ ಇಲ್ಲ. ಸಮತಟ್ಟಾದ ರಸ್ತೆಯಲ್ಲಿ ವಾಹನವನ್ನು ವೇಗಕ್ಕೆ ತಂದು, ಎಂಜಿನ್ನಿನ ಸಂಪರ್ಕ ಕಡಿದು, ವೇಗ ಹತ್ತು ಕಿಲೋಮೀಟರಿನಷ್ಟು ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿದರಾಯಿತು. ಇಳಿಜಾರೂ ಗಾಳಿಯೂ ಮೋಸ ಮಾಡದಂತೆ ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಬೇಕು. ಮೇಲೆ ಹೇಳಿದ 400 ಕಿಲೋದ ಕಾರು 40ರಿಂದ 30ಕ್ಕೆ ಇಳಿಯಲು ಸುಮಾರು 15 ಸೆಕೆಂಡು ಸಾಕು. ಲೀಟರಿಗೆ ಸಾವಿರಾರು ಕಿಲೋಮೀಟರ್ ಓಡಬಲ್ಲ 80 ಕಿಲೋದ ವಾಹನವಾದರೆ 30ರಿಂದ 20ಕ್ಕೆ ಇಳಿಯಲು ಎರಡೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅದು ಒಂದು ಕಿಲೋಮೀಟರ್ ದಾಟಿರುತ್ತದೆ. ತೂಕ ಮತ್ತು ಈ ಸಮಯ ಎರಡೂ ಕೈಯಲ್ಲಿದ್ದರೆ ತಡೆಯ ಬಲ ಎಷ್ಟೆಂಬುದು ಹೈಸ್ಕೂಲಿನ ಗಣಿತದಿಂದಲೇ ಸಿಗುತ್ತದೆ, ಆ ಬಲದಿಂದ ಲೀಟರಿನ ಲೆಕ್ಕವನ್ನು ಯಾರು ಬೇಕಾದರೂ ತಾಳೆ ನೋಡಬಹುದು.